ಸಕ್ಕರೆಗೆಂದು ಕೊಟ್ಟ ಪುಡಿ

ಹಾನಗಲ್ಲ ಕಡೆಯಿಂದ ಬಂದಿದ್ದ ಆ ಯಜಮಾನರಿಗೆ ಐವತ್ತೆಂಟು ವರ್ಷ. ನಾಲ್ಕು ಎಕರೆ ಗದ್ದೆ, ಒಂದಿಷ್ಟು ಗೋವಿನಜೋಳ. ತೂಕ ಐವತ್ತೊಂದು ಕಿಲೊ. ಹೊಟ್ಟೆ ಬೆನ್ನಿಗೆ ಹತ್ತಿದ ದೇಹ, ಮುಖ ಬಿಳಿಚಿಕೊಂಡಿತ್ತು. ಹುಬ್ಬಳ್ಳಿಯ ನನ್ನ ದವಾಖಾನೆಗೆ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಜನ ಬೆಳಗಿನ ಬಸ್ಸಿಗೆ ಬಂದು ಮಧ್ಯಾಹ್ನದ ಬಸ್ಸಿಗೆ ತಿರುಗಿ ಹೋಗುವುದು ರೂಢಿ. ಆದ್ದರಿಂದ ಅವರು ಮಾತಿಗೆ ಪೀಠಿಕೆ ಹಾಕುವುದಿಲ್ಲ. ಇವರೂ ಕುರ್ಚಿಯ ಮೇಲೆ ಕೂತವರೇ ಶುರು ಮಾಡಿದರು.

“ಸಾಹೇಬ್ರ, ಚಾಕ್ಕ ಸಕ್ಕರಿ ಹಾಕೂದು ಬಿಟ್ಟು ಎರಡ ವರ್ಷ ಆತು. ಮದುವಿ ಮನಿಗೆ ಹೋದ್ರೂ ಬುಂದೆ ಮುಟ್ಟಂಗಿಲ್ಲ. ರೊಟ್ಟಿ ತಿಂತೇನಿ, ಹೊಲದಾಗ ದುಡೀತೇನಿ. ನಮ್ಮನ್ಯಾಗ ಹಿಂದ ಯಾರಿಗೂ ಇರಲಿಲ್ಲ. ನನಗ್ಯಾಕ ಬಂತ್ರೀ ಈ ಸಕ್ಕರಿ ಬ್ಯಾನಿ?”

ಈ ಪ್ರಶ್ನೆ ನನಗೆ ಹೊಸದಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹವಿದೆ. ಅವರಲ್ಲಿ ಎಲ್ಲರೂ ಬೊಜ್ಜಿನವರಲ್ಲ, ಎಲ್ಲರೂ ಪೇಟೆಯವರೂ ಅಲ್ಲ. ಆದರೆ ಅವತ್ತು ನನ್ನನ್ನು ತಡೆದು ನಿಲ್ಲಿಸಿದ್ದು ಅವರ ಪ್ರಶ್ನೆಯಲ್ಲ, ಕೈಯಲ್ಲಿದ್ದ ಎರಡು ಚೀಟಿ. ಒಂದರಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆ, ಎಂದರೆ ಎಚ್‌ಬಿಎ1ಸಿ, 6.1 ಎಂದಿತ್ತು. ಸಕ್ಕರೆ ಕಾಯಿಲೆಯವರಿಗೆ ಬಹಳ ಒಳ್ಳೆಯ ಅಂಕಿ. ಇನ್ನೊಂದರಲ್ಲಿ ಬರಿ ಹೊಟ್ಟೆಯ ಸಕ್ಕರೆ 212. ಎರಡೂ ಒಂದೇ ವಾರದ ಚೀಟಿಗಳು. ಎರಡೂ ನಿಜವಾಗಿರಲು ಸಾಧ್ಯವಿಲ್ಲ. ಆಗಿದ್ದರೆ ನಡುವೆ ಬೇರೆ ಯಾರೋ ಕೈ ಆಡಿಸುತ್ತಿರಬೇಕು.

ಕೇಳುತ್ತ ಹೋದಂತೆ ಉಳಿದದ್ದೂ ಹೊರಬಂತು. ಮೂರು ತಿಂಗಳಿಂದ ಹೊಟ್ಟೆ ಮುರಿತ, ನಾಲ್ಕೈದು ದಿನಕ್ಕೊಮ್ಮೆ ಮಲವಿಸರ್ಜನೆ, ಸುಸ್ತು, ಕೈ ಬೆರಳಿಗೆ ಜೋಮು. ಹಿಮೊಗ್ಲೋಬಿನ್ 8.4ಕ್ಕೆ ಇಳಿದಿತ್ತು. ರಕ್ತದ ಹನಿಯನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದ ನಮ್ಮ ಪ್ರಯೋಗಾಲಯದ ವೈದ್ಯರು ಫೋನ್ ಮಾಡಿ, “ಕೆಂಪು ಕಣಗಳ ತುಂಬ ನೀಲಿ ಚುಕ್ಕಿ ಅದಾವು. ಈ ಮನುಷ್ಯ ಬ್ಯಾಟರಿ ಕಾರ್ಖಾನ್ಯಾಗ ಏನರ ಕೆಲಸ ಮಾಡ್ತಾನೇನು?” ಎಂದು ಕೇಳಿದರು. ಸೀಸದ ವಿಷ ಏರಿದಾಗ ಕಾಣುವ ಗುರುತುಗಳಲ್ಲಿ ಆ ನೀಲಿ ಚುಕ್ಕಿಯೂ ಒಂದು. ಬ್ಯಾಟರಿಗೂ ಇವರಿಗೂ ಸಂಬಂಧವಿರಲಿಲ್ಲ. “ಬೇರೆ ಔಷಧ ಏನಾದ್ರೂ ತಗೋತೀರೇನು?” ಎಂದೆ. ಯಜಮಾನರು ಗೋಡೆ ನೋಡಿದರು. ಹೆಂಡತಿ ಕೈಚೀಲದಿಂದ ಕಾಗದದ ಪೊಟ್ಟಣವೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಶಿಗ್ಗಾವಿಯ ಸಂತೆಯಲ್ಲಿ ತಂದ ಪುಡಿ. ಬೂದು ಬಣ್ಣ, ಹೆಸರಿಲ್ಲ, ಚೀಟಿಯಿಲ್ಲ. ದಿನಕ್ಕೆರಡು ಚಿಟಿಕೆ, ಮಜ್ಜಿಗೆಯಲ್ಲಿ. ಎಂಟು ತಿಂಗಳಿಂದ ನಡೆದಿತ್ತು.

ರಕ್ತವನ್ನು ಸೀಸದ ಪರೀಕ್ಷೆಗೆ ಬೆಂಗಳೂರಿಗೆ ಕಳಿಸಿದೆ. ಚೀಟಿ ಬರಲು ವಾರ ಹಿಡಿಯಿತು. ಆ ವಾರವೆಲ್ಲ ನನ್ನ ತಲೆಯಲ್ಲಿ ಓಡುತ್ತಿದ್ದ ವಿಚಾರವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಎರಡು ಚೀಟಿಗಳ ಜಗಳ ಬಗೆಹರಿಸೋಣ. ನಮ್ಮ ಕೆಂಪು ರಕ್ತಕಣದ ಆಯುಷ್ಯ ಸುಮಾರು 120 ದಿನ. ಅಷ್ಟು ದಿನವೂ ಅದು ರಕ್ತದ ಸಕ್ಕರೆಯಲ್ಲಿ ಮುಳುಗಿರುತ್ತದೆ. ಸಕ್ಕರೆ ಮೆಲ್ಲಗೆ ಅದರೊಳಗಿನ ಹಿಮೊಗ್ಲೋಬಿನ್‌ಗೆ ಅಂಟಿಕೊಳ್ಳುತ್ತ ಹೋಗುತ್ತದೆ. ಎಷ್ಟು ಅಂಟಿದೆ ಎಂದು ಅಳೆಯುವುದೇ ಮೂರು ತಿಂಗಳ ಪರೀಕ್ಷೆ. ಸೀಸ ಎರಡು ಕೆಲಸ ಮಾಡುತ್ತದೆ: ಹಿಮೊಗ್ಲೋಬಿನ್ ತಯಾರಾಗದಂತೆ ಅಡ್ಡ ನಿಲ್ಲುತ್ತದೆ, ಇದ್ದ ಕಣಗಳು ಬೇಗ ಒಡೆಯುವಂತೆ ಮಾಡುತ್ತದೆ. ಕಣ ಬೇಗ ಸತ್ತರೆ ಅದಕ್ಕೆ ಸಕ್ಕರೆ ಅಂಟಲು ದಿನಗಳೇ ಸಾಲವು. ಆಗ ಪರೀಕ್ಷೆಯ ಅಂಕಿ ಇರುವುದಕ್ಕಿಂತ ಕಡಿಮೆ ತೋರಬಹುದು. ಎಂದರೆ, ಪುಡಿ ತಿಂದವನ ಸಕ್ಕರೆ ಇಳಿಯಲಿಲ್ಲ. ಸಕ್ಕರೆಯ ಲೆಕ್ಕ ಬರೆಯುವ ಕಾರಕೂನನೇ ಅರ್ಧ ವರ್ಷಕ್ಕೆ ಸತ್ತುಹೋದ. ಚೀಟಿ ನೋಡಿದ ರೋಗಿಗೆ ಖುಷಿ, ಪುಡಿ ಕೊಟ್ಟವನಿಗೆ ಹೆಸರು. ಇದಕ್ಕಿಂತ ಕೆಟ್ಟ ಒಳ್ಳೆಯ ಸುದ್ದಿಯನ್ನು ನಾನು ಕಂಡಿಲ್ಲ.

ಹೀಗೆ ಸಕ್ಕರೆಯ ಲೆಕ್ಕ ತಪ್ಪಿಸುವುದು ಒಂದಾದರೆ, ಸಕ್ಕರೆಯನ್ನೇ ಏರಿಸುವ ಲೋಹಗಳೂ ಇವೆ. ಅವು ಹೇಗೆ ಏರಿಸುತ್ತವೆ ಎಂದು ತಿಳಿಯಲು ಮೇದೋಜೀರಕ ಗ್ರಂಥಿಯ ಒಳಗೆ ಸ್ವಲ್ಪ ಇಣುಕಬೇಕು. ಹೊಟ್ಟೆಯ ಹಿಂಬದಿಗೆ ಅಡ್ಡಲಾಗಿ ಮಲಗಿರುವ ಈ ಗ್ರಂಥಿಯಲ್ಲಿ ಅಲ್ಲಲ್ಲಿ ನಡುಗಡ್ಡೆಗಳಂತೆ ಜೀವಕೋಶಗಳ ಗುಂಪುಗಳಿವೆ. ಅವುಗಳಲ್ಲಿ ಬೀಟಾ ಕೋಶಗಳು ಇನ್ಸುಲಿನ್ ತಯಾರಿಸುತ್ತವೆ. ತಯಾರಾದ ಇನ್ಸುಲಿನ್ ಕೂಡಲೇ ರಕ್ತಕ್ಕೆ ಬೀಳುವುದಿಲ್ಲ. ಆರು ಆರು ಅಣುಗಳ ಕಟ್ಟಾಗಿ, ಒಂದೊಂದು ಕಟ್ಟಿನ ನಡುವೆ ಸತುವಿನ ಕೀಲು ಹಾಕಿಸಿಕೊಂಡು, ಪುಟ್ಟ ಚೀಲಗಳಲ್ಲಿ ಕಾದು ಕೂರುತ್ತದೆ. ಊಟವಾಗಿ ಸಕ್ಕರೆ ಏರಿದೊಡನೆ ಚೀಲ ಬಿಚ್ಚಿ ರಕ್ತಕ್ಕೆ ಸೇರುತ್ತದೆ. ಆದ್ದರಿಂದಲೇ ಬೀಟಾ ಕೋಶಕ್ಕೆ ಸತು ಬಹಳ ಬೇಕು. ಸತುವನ್ನು ಒಳಗೆ ಎಳೆದುಕೊಳ್ಳಲು ಅದಕ್ಕೆ ಪ್ರತ್ಯೇಕ ಬಾಗಿಲುಗಳೇ ಇವೆ.

ಸಮಸ್ಯೆ ಇರುವುದು ಆ ಬಾಗಿಲುಗಳಲ್ಲಿ. ರಸಾಯನಶಾಸ್ತ್ರದ ಆವರ್ತ ಕೋಷ್ಟಕ ಶಾಲೆಯಲ್ಲಿ ಓದಿದವರಿಗೆ ನೆನಪಿರಬಹುದು: ಸತುವಿನ ಕೆಳಗೆ ಕ್ಯಾಡ್ಮಿಯಂ, ಅದರ ಕೆಳಗೆ ಪಾದರಸ. ಮೂರೂ ಒಂದೇ ಕುಲ. ಮುಖಚಹರೆ ಹೋಲುವುದರಿಂದ ಕ್ಯಾಡ್ಮಿಯಂ ಸತುವಿನ ಬಾಗಿಲಿನಿಂದಲೇ ಒಳಗೆ ನುಸುಳುತ್ತದೆ. ಒಳಗೆ ಬಂದ ಮೇಲೆ ಸತುವಿನ ಕೆಲಸವನ್ನಂತೂ ಮಾಡುವುದಿಲ್ಲ, ಹೊರಗೂ ಹೋಗುವುದಿಲ್ಲ. ಮನುಷ್ಯನ ಮೂತ್ರಪಿಂಡದಲ್ಲಿ ಕ್ಯಾಡ್ಮಿಯಂ ಹತ್ತರಿಂದ ಮೂವತ್ತು ವರ್ಷ ಕೂರುತ್ತದೆ. ಮೇದೋಜೀರಕದ ನಡುಗಡ್ಡೆಗಳಲ್ಲೂ ಅದು ಸಂಗ್ರಹವಾಗುವುದು ಕಂಡುಬಂದಿದೆ. 2003ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯ ಅಂಕಿಗಳನ್ನು ಜಾಲಾಡಿದವರಿಗೆ, ಮೂತ್ರದಲ್ಲಿ ಕ್ಯಾಡ್ಮಿಯಂ ಹೆಚ್ಚಿದ್ದವರಲ್ಲಿ ಬರಿ ಹೊಟ್ಟೆಯ ಸಕ್ಕರೆ ಏರಿರುವುದೂ ಮಧುಮೇಹವಿರುವುದೂ ಹೆಚ್ಚಾಗಿ ಕಂಡಿತು. ಇನ್ನೊಂದು ವಿಚಿತ್ರವೂ ಇದೆ. ಕ್ಯಾಡ್ಮಿಯಂ ಮೂತ್ರಪಿಂಡದ ನಳಿಕೆಗಳನ್ನು ಕೆಡಿಸಿದರೆ ರಕ್ತದಲ್ಲಿ ಸಕ್ಕರೆ ಸರಿಯಿದ್ದರೂ ಮೂತ್ರದಲ್ಲಿ ಸೋರುತ್ತದೆ. ಜಪಾನಿನ ಜಿಂಜು ನದಿಯ ದಂಡೆಯಲ್ಲಿ ಗಣಿಯ ನೀರಿನಿಂದ ಬಂದ ‘ಇತಾಯ್ ಇತಾಯ್’ ರೋಗವನ್ನು 1968ರಲ್ಲಿ ಅಲ್ಲಿನ ಸರಕಾರ ಕ್ಯಾಡ್ಮಿಯಂ ವಿಷವೆಂದು ಒಪ್ಪಿತು. ಮೂಳೆ ಮುರಿಯುವ ಆ ರೋಗಿಗಳ ಮೂತ್ರದಲ್ಲೂ ಸಕ್ಕರೆ ಸೋರುತ್ತಿತ್ತು. ಮೂತ್ರ ನೋಡಿಯೇ ಸಕ್ಕರೆ ಕಾಯಿಲೆ ಎಂದು ಹೇಳಿಬಿಡುವವರು ಇದನ್ನು ನೆನಪಿಡಬೇಕು.

ಆರ್ಸೆನಿಕ್‌ನ ದಾರಿ ಬೇರೆ. ನಮ್ಮ ಹಿರಿಯರು ಪಾಷಾಣವೆಂದು ಕರೆಯುತ್ತಿದ್ದದ್ದು ಇದರ ಬಿಳಿಯ ರೂಪವನ್ನೇ. ಒಂದೇ ಸಲ ಹೆಚ್ಚು ತಿಂದರೆ ಸಾವು ಎಂಬುದು ಎಲ್ಲರಿಗೂ ಗೊತ್ತು. ನೀರಿನಲ್ಲಿ ದಿನಾ ಕಣ್ಣಿಗೆ ಕಾಣದಷ್ಟು ಸೇರಿ ಬಂದರೆ ಏನಾಗುತ್ತದೆ ಎಂಬುದು ತಡವಾಗಿ ತಿಳಿದದ್ದು. ನಮ್ಮ ದೇಹದ ಅನೇಕ ಕಿಣ್ವಗಳು ಗಂಧಕದ ಕೊಂಡಿಗಳನ್ನು ಹಿಡಿದು ಕೆಲಸ ಮಾಡುತ್ತವೆ. ಆರ್ಸೆನಿಕ್ ಆ ಕೊಂಡಿಗೇ ಹೋಗಿ ಕಚ್ಚಿಕೊಳ್ಳುತ್ತದೆ. ಸಕ್ಕರೆಯನ್ನು ಸುಟ್ಟು ಶಕ್ತಿ ತೆಗೆಯುವ ಸಾಲಿನ ಮುಖ್ಯ ಕಿಣ್ವವೊಂದು ಹೀಗೆ ಕಟ್ಟಿಹಾಕಲ್ಪಡುತ್ತದೆ. ಬೀಟಾ ಕೋಶಕ್ಕೆ ‘ಸಕ್ಕರೆ ಏರಿದೆ’ ಎಂಬ ಸುದ್ದಿ ಮುಟ್ಟುವುದೇ ತನ್ನೊಳಗೆ ಸಕ್ಕರೆ ಉರಿದಾಗ. ಉರಿಯದಿದ್ದರೆ ಇನ್ಸುಲಿನ್ ಚೀಲ ಬಿಚ್ಚುವುದಿಲ್ಲ. ಇತ್ತ ಸ್ನಾಯುಗಳಲ್ಲಿ ಇನ್ಸುಲಿನ್ ಬಂದು ಬಾಗಿಲು ಬಡಿದರೂ ಆ ಸದ್ದು ಒಳಗೆ ಸಾಗದಂತೆ ಆರ್ಸೆನಿಕ್ ಅಡ್ಡಗಟ್ಟುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಎರಡೂ ಕಡೆ ಪೆಟ್ಟು.

ಪ್ರಯೋಗಾಲಯದ ಮಾತು ಹಾಗಿರಲಿ, ಮನುಷ್ಯರಲ್ಲಿ? ತೈವಾನಿನ ನೈಋತ್ಯ ಕರಾವಳಿಯ ಹಳ್ಳಿಗಳ ಜನ ದಶಕಗಟ್ಟಲೆ ಆಳದ ಬಾವಿಗಳ ಆರ್ಸೆನಿಕ್ ನೀರು ಕುಡಿದವರು. ಕಾಲು ಕಪ್ಪಾಗಿ ಕೊಳೆಯುವ ರೋಗ ಅಲ್ಲಿ ಮನೆಮಾತಾಗಿತ್ತು. ಆ ಹಳ್ಳಿಗಳ 891 ಮಂದಿಯನ್ನು ಪರೀಕ್ಷಿಸಿ 1994ರಲ್ಲಿ ಪ್ರಕಟಿಸಿದ ವರದಿಯಲ್ಲಿ ಮಧುಮೇಹ ತೈವಾನಿನ ಉಳಿದ ಭಾಗದ ಎರಡು ಪಟ್ಟು ಇತ್ತು. ಅತಿ ಹೆಚ್ಚು ಕಾಲ, ಅತಿ ಹೆಚ್ಚು ಆರ್ಸೆನಿಕ್ ಕುಡಿದವರಲ್ಲಿ ಸಂಭವ ಹತ್ತು ಪಟ್ಟು. 2008ರಲ್ಲಿ ಅಮೆರಿಕದ 788 ವಯಸ್ಕರ ಮೂತ್ರ ಪರೀಕ್ಷಿಸಿದವರು, ಅಲ್ಪ ಪ್ರಮಾಣದ ಆರ್ಸೆನಿಕ್‌ಗೂ ಮಧುಮೇಹಕ್ಕೂ ನಂಟಿದೆ ಎಂದರು. ಈ ಎರಡನೆಯದರ ಬಗ್ಗೆ ತಕರಾರು ಎದ್ದಿದೆ, ಏಳಬೇಕಾದದ್ದೇ. ಒಂದೇ ದಿನ ತೆಗೆದ ಮೂತ್ರದಿಂದ ಯಾವುದು ಮೊದಲು ಬಂತು, ಲೋಹವೋ ಸಕ್ಕರೆಯೋ ಎಂದು ಹೇಳಲಾಗದು. ಹೆಚ್ಚು ಪ್ರಮಾಣದ ಆರ್ಸೆನಿಕ್ ಸಕ್ಕರೆಯನ್ನು ಏರಿಸುತ್ತದೆ ಎಂಬುದರಲ್ಲಿ ನನಗೆ ಅನುಮಾನ ಉಳಿದಿಲ್ಲ. ಅಲ್ಪ ಪ್ರಮಾಣದ ಮಾತು ಬೇರೆ. ಸೀಸದ ಮಟ್ಟಿಗೆ ನೇರ ಸಾಕ್ಷ್ಯ ಇನ್ನೂ ತೆಳು. ಅದು ಮೂತ್ರಪಿಂಡವನ್ನೂ ರಕ್ತದೊತ್ತಡವನ್ನೂ ಕೆಡಿಸುವುದು ಖಚಿತ. ಸಕ್ಕರೆ ಕಾಯಿಲೆಯವನಿಗೆ ಆ ಎರಡು ಕೆಟ್ಟರೆ ಉಳಿಯುವುದೇನು?

ತೈವಾನ್ ದೂರವಾಯಿತು ಎನ್ನುವವರಿಗೆ ನಮ್ಮ ರಾಜ್ಯದ್ದೇ ಒಂದು ಊರು ಹೇಳುತ್ತೇನೆ. ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯಲ್ಲಿ ಮಂಗಳೂರು ಎಂಬ ಹಳ್ಳಿಯಿದೆ (ಕಡಲ ದಂಡೆಯದಲ್ಲ). ಸುತ್ತ ಹಳೆಯ ಚಿನ್ನದ ಗಣಿಗಾರಿಕೆಯ ನೆಲ. ಅಲ್ಲಿಯ ಕಿರದಳ್ಳಿ ತಾಂಡಾದಲ್ಲಿ ಜನರ ಅಂಗೈ ಅಂಗಾಲು ಗಂಟುಗಂಟಾಗಿ ದಪ್ಪಗಾಗುತ್ತಿತ್ತು, ಮೈಮೇಲೆ ಮಳೆಹನಿ ಬಿದ್ದಂಥ ಚುಕ್ಕೆಗಳು. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 59 ಕೊಳವೆ ಬಾವಿಗಳ ನೀರು ನೋಡಿದಾಗ ಶೇಕಡಾ 79ರಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೊಗ್ರಾಂ ದಾಟಿತ್ತು, ಒಂದರಲ್ಲಿ 303. ಪರೀಕ್ಷಿಸಿದ 181 ಜನರಲ್ಲಿ ಶೇಕಡಾ 58.6 ಮಂದಿಯ ಚರ್ಮದಲ್ಲಿ ಆರ್ಸೆನಿಕ್‌ನ ಗುರುತು. ಕೂದಲು, ಉಗುರು ಕೊಟ್ಟ 171 ಮಂದಿಯಲ್ಲಿ ಒಬ್ಬರೂ ಪಾರಾಗಿರಲಿಲ್ಲ. ಆ ಸಮೀಕ್ಷೆ ನೋಡಿದ್ದು ಮುಖ್ಯವಾಗಿ ಚರ್ಮವನ್ನು. ಕಣ್ಣಿಗೆ ಕಾಣುವುದು ಚರ್ಮವೇ; ಮೇದೋಜೀರಕ ಯಾರಿಗೂ ಕಾಣುವುದಿಲ್ಲ.

ಚಿನ್ನಕ್ಕೂ ಆರ್ಸೆನಿಕ್‌ಗೂ ಏನು ಸಂಬಂಧ? ನಮ್ಮ ಪುರಾತನ ಶಿಲೆಗಳಲ್ಲಿ ಚಿನ್ನ ಕೂತಿರುವ ಕಡೆ ಬಹುಮಟ್ಟಿಗೆ ಕಬ್ಬಿಣ, ಆರ್ಸೆನಿಕ್, ಗಂಧಕ ಮೂರೂ ಸೇರಿದ ಖನಿಜವೊಂದು ಜೊತೆಗಿರುತ್ತದೆ. ಕಲ್ಲು ಒಡೆದು ಗಾಳಿ, ನೀರು ತಾಗಿದರೆ ಅದರೊಳಗಿನ ಆರ್ಸೆನಿಕ್ ಹೊರಬರುತ್ತದೆ. ಈ ಬಗೆಯ ಶಿಲಾಪಟ್ಟಿಗೆ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೆಯ ಶತಮಾನದಲ್ಲೇ ಇಟ್ಟ ಹೆಸರು ‘ಧಾರವಾಡ’. ಹಾವೇರಿ ಜಿಲ್ಲೆ 1997ರವರೆಗೂ ಧಾರವಾಡದ ಭಾಗವೇ ಆಗಿತ್ತು ಎಂಬುದನ್ನು ನೆನಪಿಸಿದರೆ ಸಾಕು. ಹಾವೇರಿ ಬಳಿಯ ಗಣಜೂರಿನಲ್ಲಿ ಚಿನ್ನವಿದೆಯೆಂದು ಖಾಸಗಿ ಕಂಪನಿಯೊಂದು ವರ್ಷಗಟ್ಟಲೆ ನೆಲ ಕೊರೆದು ನೋಡಿದ್ದು ಸವಣೂರಿನವರಿಗೂ ಗೊತ್ತು. ಹಾಗೆಂದು ನಾಲ್ಕೂ ತಾಲ್ಲೂಕಿನ ನೀರು ಕೆಟ್ಟಿದೆ ಎಂದು ನಾನು ಹೇಳುತ್ತಿಲ್ಲ. ಶಿಲೆಯಲ್ಲಿ ಇದ್ದದ್ದೆಲ್ಲ ನೀರಿಗೆ ಬರುವುದಿಲ್ಲ. ಒಂದು ಬೋರಿನಲ್ಲಿ ಬಂದದ್ದು ಐವತ್ತು ಮಾರು ಆಚೆಯ ಬೋರಿನಲ್ಲಿ ಇಲ್ಲದಿರಬಹುದು. ಆದ್ದರಿಂದಲೇ ಬೋರು ಬೋರು ಪರೀಕ್ಷಿಸಬೇಕು ಎನ್ನುವುದು. ಪಂಚಾಯಿತಿಯ ಕಿಟ್ಟಿನಲ್ಲಿ ಸಾಮಾನ್ಯವಾಗಿ ನೋಡುವುದು ಫ್ಲೋರೈಡ್, ನೈಟ್ರೇಟ್, ಕಬ್ಬಿಣ, ಗಡಸುತನ ಇಂಥವನ್ನು. ಲೋಹಗಳಿಗೆ ಪ್ರಯೋಗಾಲಯವೇ ಬೇಕು. ನೀರು ಕೊಡುವಾಗ ‘ಆರ್ಸೆನಿಕ್, ಸೀಸ, ಕ್ಯಾಡ್ಮಿಯಂ ನೋಡಿರಿ’ ಎಂದು ಬಾಯಿಬಿಟ್ಟು ಕೇಳಬೇಕು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ ಆರ್ಸೆನಿಕ್ 10 ಮೈಕ್ರೊಗ್ರಾಂ, ಸೀಸ 10, ಕ್ಯಾಡ್ಮಿಯಂ 3 ಮೀರಬಾರದು. ಕಾಯಿಸಿ ಕುಡಿದರೆ ಆಯಿತಲ್ಲ ಎನ್ನುವವರಿದ್ದಾರೆ. ಕಾಯಿಸಿದರೆ ಕ್ರಿಮಿ ಸಾಯುತ್ತದೆ, ಲೋಹ ಸಾಯುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಹೆಚ್ಚಾಗುತ್ತದೆ.

ನೀರು ಬಿಟ್ಟರೆ ಹೊಲ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರಕ್ಕಾಗಿ ಬೀದಿಗಿಳಿದ ರೈತರ ಮೇಲೆ ಗೋಲಿಬಾರ್ ನಡೆದು ಇಬ್ಬರು ಸತ್ತರು. ಡಿಎಪಿ ಚೀಲವೊಂದಕ್ಕೆ ಈ ಸೀಮೆಯಲ್ಲಿ ಎಂಥ ಬೆಲೆ ಎಂದು ಹೊರಗಿನವರಿಗೆ ಅಂದು ತಿಳಿಯಿತು. ಆ ರಂಜಕದ ಗೊಬ್ಬರ ತಯಾರಾಗುವ ಕಲ್ಲಿನಲ್ಲಿ, ಅದರಲ್ಲೂ ಸಮುದ್ರತಳದಲ್ಲಿ ಪದರಗಟ್ಟಿ ಆದ ಕಲ್ಲಿನಲ್ಲಿ, ಕ್ಯಾಡ್ಮಿಯಂ ಸಹಜವಾಗಿಯೇ ಇರುತ್ತದೆ. ಯುರೋಪ್ ಒಕ್ಕೂಟ 2022ರಿಂದ ಒಂದು ಕಿಲೊ ರಂಜಕಾಂಶಕ್ಕೆ 60 ಮಿಲಿಗ್ರಾಂ ಕ್ಯಾಡ್ಮಿಯಂ ಎಂಬ ಮಿತಿ ಹಾಕಿಕೊಂಡಿದೆ. ಒಂದು ಚೀಲದಿಂದ ಯಾರಿಗೂ ಏನೂ ಆಗದು. ನಲವತ್ತು ವರ್ಷ ಅದೇ ನೆಲಕ್ಕೆ ಬಿದ್ದರೆ ಲೆಕ್ಕ ಬೇರೆ. ಭತ್ತದ ವಿಷಯವಂತೂ ವಿಚಿತ್ರ. ಗದ್ದೆಯಲ್ಲಿ ನೀರು ನಿಂತಿದ್ದರೆ ಮಣ್ಣಿನ ಆರ್ಸೆನಿಕ್ ಕರಗಿ ಬೇರಿಗೆ ಸಿಗುತ್ತದೆ, ಕ್ಯಾಡ್ಮಿಯಂ ಅಡಗುತ್ತದೆ. ನೆಲ ಒಣಗಿದ್ದರೆ ಇದರ ತಿರುವುಮುರುವು. ಹಾನಗಲ್ಲ ಸೀಮೆಯಲ್ಲಿ ಕೂರಿಗೆಯಿಂದ ಬಿತ್ತುವ ಭತ್ತಕ್ಕೂ ನಾಟಿ ಭತ್ತಕ್ಕೂ ಹೀಗೆ ಒಂದೊಂದು ಗುಣ. ಮಣ್ಣು ಪರೀಕ್ಷೆ ಮಾಡಿಸಿ, ಬೇಕಾದಷ್ಟೇ ಡಿಎಪಿ ಹಾಕುವುದು ಕಿಸೆಗೂ ಒಳ್ಳೆಯದು.

ಮನುಷ್ಯನ ದೇಹಕ್ಕೆ ಕ್ಯಾಡ್ಮಿಯಂ ತಲುಪಿಸುವುದರಲ್ಲಿ ಭತ್ತವನ್ನೂ ಮೀರಿಸಿದ್ದು ತಂಬಾಕು. ಮಣ್ಣಿನ ಕ್ಯಾಡ್ಮಿಯಂ ಅನ್ನು ಎಲೆಯಲ್ಲಿ ಕೂಡಿಡುವ ಚಾಳಿ ಆ ಗಿಡಕ್ಕಿದೆ. ಸೇದುವವರ ದೇಹದಲ್ಲಿ ಅದು ಸೇದದವರ ಸುಮಾರು ಎರಡು ಪಟ್ಟು. ಬೀಡಿಯ ಹೊಗೆಯಿಂದ ಶ್ವಾಸಕೋಶಕ್ಕೆ ಹೋದಷ್ಟು ಸಲೀಸಾಗಿ ಜಗಿದದ್ದು ಹೊಟ್ಟೆಯಿಂದ ಹೀರಲ್ಪಡುವುದಿಲ್ಲ, ನಿಜ. ನಮ್ಮ ಯಜಮಾನರು ಬೀಡಿ ಸೇದುತ್ತಿರಲಿಲ್ಲ. ಸವಣೂರಿನ ಎಲೆ ಇಲ್ಲದೆ ಅವರಿಗೆ ಊಟ ಮುಗಿಯುತ್ತಿರಲಿಲ್ಲ. ಎಲೆಯ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಅದರೊಳಗೆ ಮಡಚಿಟ್ಟ ಹೊಗೆಸೊಪ್ಪಿನ ಮೇಲಿದೆ. ಕ್ಯಾಡ್ಮಿಯಂಗಿಂತ ದೊಡ್ಡ ಕಾರಣಗಳೂ ಅದಕ್ಕಿವೆ, ಅವು ಬಾಯಿಯಲ್ಲಿ ಹುಣ್ಣಾದ ಮೇಲೆ ಗೊತ್ತಾಗುತ್ತವೆ.

ಇನ್ನು ಆ ಬೂದು ಪುಡಿಗೆ ಬರೋಣ. ಸಕ್ಕರೆ ಕಾಯಿಲೆಗೆ ಕೊಟ್ಟ ನಾಟಿ ಪುಡಿಯಿಂದ ಸೀಸದ ವಿಷವಾಯಿತು ಎಂಬ ವರದಿ 1994ರಲ್ಲೇ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು; ಆ ಪುಡಿ ಹೋದದ್ದು ನಮ್ಮ ದೇಶದಿಂದ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಸೀಸದ ವಿಷಕ್ಕಾಗಿಯೇ ರಾಷ್ಟ್ರೀಯ ಕೇಂದ್ರ ಕಟ್ಟಿದ ಡಾ. ತುಪ್ಪಿಲ್ ವೆಂಕಟೇಶ್ ಮತ್ತು ಅವರ ಸಂಗಡಿಗರು, ಆಯುರ್ವೇದ ಔಷಧ ಸೇವಿಸಿ ಸೀಸ ಏರಿದ ಮೂರು ಪ್ರಕರಣಗಳನ್ನು 2010ರಲ್ಲಿ ಪ್ರಕಟಿಸಿದರು. ಅಮೆರಿಕದ ಬಾಸ್ಟನ್ನಿನಲ್ಲಿ ಅಂಗಡಿಗಳಿಂದ 70 ಆಯುರ್ವೇದ ಔಷಧಗಳನ್ನು ಕೊಂಡು ನೋಡಿದಾಗ 14ರಲ್ಲಿ ಸೀಸ, ಪಾದರಸ, ಆರ್ಸೆನಿಕ್‌ಗಳಲ್ಲಿ ಒಂದಾದರೂ ಸಿಕ್ಕಿತು. ಅದು 2004ರ ಮಾತು. 2008ರಲ್ಲಿ ಮತ್ತೆ 193 ಔಷಧಗಳನ್ನು ನೋಡಿದರು. ಲೋಹ ಸೇರಿಸಿಯೇ ಮಾಡುವ ರಸಶಾಸ್ತ್ರದ ಔಷಧಗಳಲ್ಲಿ ಶೇಕಡಾ 41ರಲ್ಲಿ ಇದ್ದದ್ದು ಆಶ್ಚರ್ಯವಲ್ಲ. ಬರೀ ಗಿಡಮೂಲಿಕೆ ಎಂದು ಮಾರುವವುಗಳಲ್ಲೂ ಶೇಕಡಾ 17ರಲ್ಲಿ ಇತ್ತು.

ಆಯುರ್ವೇದವನ್ನು ಹಳಿಯಲು ಇದನ್ನು ಬರೆಯುತ್ತಿಲ್ಲ. ಓದಿ, ಪದವಿ ಪಡೆದು, ಗೊತ್ತಿದ್ದು ಔಷಧ ಕೊಡುವ ವೈದ್ಯರು ನನ್ನ ಸ್ನೇಹಿತರಲ್ಲೇ ಇದ್ದಾರೆ. ಸಂತೆಯ ಪುಡಿಯನ್ನು ಅವರು ನನಗಿಂತ ಹೆಚ್ಚು ಬೈಯುತ್ತಾರೆ. ಭಸ್ಮ ಮಾಡುವ ಶಾಸ್ತ್ರಕ್ಕೆ ತನ್ನದೇ ಶುದ್ಧಿಕ್ರಮಗಳಿವೆ. ವಿಷದ್ರವ್ಯ ಸೇರಿದ ಔಷಧದ ಮೇಲೆ ‘ವೈದ್ಯರ ಮೇಲ್ವಿಚಾರಣೆಯಲ್ಲಿ ಸೇವಿಸಿ’ ಎಂಬ ಎಚ್ಚರಿಕೆ ಇರಲೇಬೇಕೆಂದು ನಮ್ಮ ಔಷಧ ನಿಯಮವೂ ಹೇಳುತ್ತದೆ. ಗಿಡಮೂಲಿಕೆ ಔಷಧ ಪರದೇಶಕ್ಕೆ ಹೋಗಬೇಕಾದರೆ ಭಾರ ಲೋಹಗಳ ಪರೀಕ್ಷೆಯನ್ನು ಕೇಂದ್ರ ಸರಕಾರ 2006ರ ಜನವರಿಯಿಂದ ಕಡ್ಡಾಯ ಮಾಡಿತು. ಪರದೇಶದವರ ಮೇದೋಜೀರಕದ ಮೇಲೆ ನಮಗಿರುವ ಕಾಳಜಿ ದೊಡ್ಡದು. ಸಂತೆಯಲ್ಲಿ ಕೂತವನ ಪೊಟ್ಟಣಕ್ಕೆ ಹೆಸರೂ ಇಲ್ಲ, ಪರವಾನಗಿಯೂ ಇಲ್ಲ. ಯಾವ ನಿಯಮ ಅದನ್ನು ಹಿಡಿಯಬೇಕು? ಇಂಥ ಪುಡಿಗಳಲ್ಲಿ ಇಂಗ್ಲಿಷ್ ಔಷಧದ ಸಕ್ಕರೆ ಮಾತ್ರೆಯನ್ನೇ ಅರೆದು ಬೆರೆಸಿದ್ದೂ ಪತ್ತೆಯಾಗಿದೆ. ಹಾಗಾಗಿ ಕೆಲವರಿಗೆ ಸಕ್ಕರೆ ನಿಜವಾಗಿಯೂ ಇಳಿಯುತ್ತದೆ, ಒಮ್ಮೊಮ್ಮೆ ತಲೆತಿರುಗಿ ಬೀಳುವಷ್ಟು.

ಬಸ್ ನಿಲ್ದಾಣದ ಗೋಡೆಯಲ್ಲಿ ‘ಸಕ್ಕರೆ ಕಾಯಿಲೆ ಬುಡಸಮೇತ ಮಾಯ’ ಎಂದು ಅಂಟಿಸುವುದು ಅಪರಾಧ ಎಂಬುದು ಬಹಳ ಜನರಿಗೆ ತಿಳಿದಿಲ್ಲ. 1954ರ ಮಾಂತ್ರಿಕ ಪರಿಹಾರಗಳ ಕಾಯ್ದೆ ಯಾವ ಯಾವ ರೋಗಗಳನ್ನು ಗುಣಪಡಿಸುತ್ತೇವೆಂದು ಜಾಹೀರಾತು ಕೊಡಬಾರದೆಂದು ಪಟ್ಟಿ ಮಾಡಿದೆ. ಅದರಲ್ಲಿ ಮಧುಮೇಹವೂ ಇದೆ. ಎಪ್ಪತ್ತು ವರ್ಷವಾಯಿತು. ಗೋಡೆಗಳನ್ನು ನೋಡಿದರೆ ಕಾಯ್ದೆಗೆ ಇನ್ನೂ ಓದಲು ಬಂದಿಲ್ಲ ಅನ್ನಿಸುತ್ತದೆ.

ಸೀಸ ಬರುವ ದಾರಿಗಳು ಇನ್ನೂ ಇವೆ. ಸೀಸ ಬೆರೆತ ತವರದಿಂದ ಹಾಕಿದ ಕಲಾಯಿ, ಕೆಂಪು ಸೀಸದಿಂದ ಮಾಡಿದ ಸಿಂಧೂರ, ಹಳೆಯ ಬಣ್ಣದ ಪುಡಿ, ಮನೆಯ ಹಿತ್ತಿಲಲ್ಲೇ ಒಡೆಯುವ ಬ್ಯಾಟರಿ. ಪೆಟ್ರೋಲಿನಲ್ಲಿದ್ದ ಸೀಸ 2000ದಲ್ಲಿ ದೇಶಾದ್ಯಂತ ಹೋಯಿತು, ಮನೆಯ ಬಣ್ಣಕ್ಕೆ 2017ರ ಕೊನೆಯಿಂದ ಮಿತಿ ಬಂತು. ಅರಿಸಿನಕ್ಕೆ ಹಳದಿ ಹೊಳಪು ಬರಲೆಂದು ಸೀಸದ ಬಣ್ಣ ಸೇರಿಸುವ ಹುಚ್ಚು ಬಾಂಗ್ಲಾದೇಶದಲ್ಲಿ ಜೋರಾಗಿತ್ತು. 2019ರಲ್ಲಿ ಅಲ್ಲಿನ ಮಾರುಕಟ್ಟೆಯ ಮಾದರಿಗಳಲ್ಲಿ ಶೇಕಡಾ 47ರಲ್ಲಿ ಸೀಸ ಸಿಕ್ಕಿತ್ತು. ಸರಕಾರ ಅಂಗಡಿಗಳಿಗೆ ನುಗ್ಗಿ ದಂಡ ಹಾಕಿದ ಮೇಲೆ 2021ಕ್ಕೆ ಸೊನ್ನೆ. ಮನಸ್ಸು ಮಾಡಿದರೆ ಎರಡು ವರ್ಷ ಸಾಕು.

ಓದುಗರಲ್ಲಿ ಸಕ್ಕರೆ ಕಾಯಿಲೆಯವರು ಇಷ್ಟು ಓದಿ ಗಾಬರಿಯಾಗಿ ತಮ್ಮ ಮಾತ್ರೆಯನ್ನೋ ಇನ್ಸುಲಿನ್ ಅನ್ನೋ ಬಿಟ್ಟುಗಿಟ್ಟಾರು! ದಯವಿಟ್ಟು ಬಿಡಬೇಡಿ. ಬಹುಪಾಲು ಮಂದಿಗೆ ಕಾಯಿಲೆ ಬಂದದ್ದು ವಂಶ, ವಯಸ್ಸು, ಊಟ, ನಡಿಗೆ ಕಡಿಮೆಯಾದದ್ದು ಇಂಥ ಕಾರಣಗಳಿಂದಲೇ. ಲೋಹ ಅದರ ಮೇಲೆ ಸೇರುವ ಹೊರೆ. ಆದರೆ ಸಕ್ಕರೆಯ ಜೊತೆಗೆ ಕಾರಣವಿಲ್ಲದ ರಕ್ತಹೀನತೆ, ಬಿಡದ ಹೊಟ್ಟೆ ಮುರಿತ, ಅಂಗೈ ಅಂಗಾಲಿನಲ್ಲಿ ಗಂಟು ಇದ್ದರೆ, ಅಥವಾ ಮೂರು ತಿಂಗಳ ಪರೀಕ್ಷೆಗೂ ದಿನದ ಪರೀಕ್ಷೆಗೂ ತಾಳೆಯಾಗದಿದ್ದರೆ, ವೈದ್ಯರ ಮುಂದೆ ಅದನ್ನು ಎತ್ತಿ ಹೇಳಿ. ತೆಗೆದುಕೊಳ್ಳುವ ಪುಡಿ, ಲೇಹ್ಯ, ಗುಳಿಗೆ ಯಾವುದಿದ್ದರೂ ಚೀಲದಲ್ಲಿ ಹಾಕಿಕೊಂಡೇ ಬನ್ನಿ. ಮುಚ್ಚಿಡುವುದು ಬೈಗುಳಕ್ಕೆ ಹೆದರಿ ಎಂದು ನನಗೆ ಗೊತ್ತು. ನಮ್ಮಲ್ಲಿ ಬಯ್ಯುವ ವೈದ್ಯರು ಜಾಸ್ತಿಯೇ, ನಾನೂ ಸೇರಿ. ಮೈಯಿಂದ ಲೋಹ ತೆಗೆಯುತ್ತೇವೆಂದು ಮಾರುವ ಇನ್ನೊಂದು ಪುಡಿಯನ್ನು ಮಾತ್ರ ಕೊಳ್ಳಬೇಡಿ. ಆ ಚಿಕಿತ್ಸೆ ಆಸ್ಪತ್ರೆಯಲ್ಲಿ, ರಕ್ತ ನೋಡುತ್ತ ಮಾಡುವಂಥದ್ದು. ಊಟದಲ್ಲಿ ಕಬ್ಬಿಣ, ಸುಣ್ಣದಂಶ ಸಾಕಷ್ಟಿದ್ದರೆ ಕರುಳು ಸೀಸವನ್ನು ಕಡಿಮೆ ಹೀರುತ್ತದೆ. ಸೊಪ್ಪು, ಕಾಳು, ಹಾಲು, ಮಜ್ಜಿಗೆ ಎಂದರೆ ನಮ್ಮ ಹಳೆಯ ಊಟವೇ ಆಯಿತು.

ಬೆಂಗಳೂರಿನ ಚೀಟಿ ಬಂತು. ರಕ್ತದಲ್ಲಿ ಡೆಸಿಲೀಟರಿಗೆ 5 ಮೈಕ್ರೊಗ್ರಾಂ ಸೀಸ ಕಂಡರೇ ಮೂಲ ಹುಡುಕಿ ತಪ್ಪಿಸಿರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇವರದು ಅದರ ಹತ್ತು ಪಟ್ಟು ದಾಟಿತ್ತು. ಗಂಡ ಹೆಂಡತಿ ಇಬ್ಬರೂ ಬಂದಿದ್ದರು. ಪುಡಿ ಅಂದೇ ಬಿಡಿಸಿದ್ದೆ. ಸೀಸವನ್ನು ಹಿಡಿದು ಮೂತ್ರದಲ್ಲಿ ಹೊರಹಾಕುವ ಔಷಧಕ್ಕೆ ಒಳಗೆ ಸೇರಿಸಿಕೊಳ್ಳಬೇಕು ಎಂದೆ. ಸಕ್ಕರೆಗೆ ಬೇರೆ ಮಾತ್ರೆ, ಅದು ಮುಂದೆಯೂ ಬೇಕಾಗುತ್ತದೆ ಎಂದೂ ಹೇಳಿದೆ. ಯಜಮಾನರು ಬಹಳ ಹೊತ್ತು ಸುಮ್ಮನೆ ಕೂತು, “ಹಂಗಾರ ಆ ಚೀಟ್ಯಾಗ ಸಕ್ಕರಿ ಇಳದಿದ್ದು ಸುಳ್ಳೇನ್ರಿ?” ಎಂದರು. ಸುಳ್ಳು ಎಂದೆ.

ಉಳಿದ ಪೊಟ್ಟಣಗಳನ್ನು ಹಿತ್ತಿಲಲ್ಲಿ ಚೆಲ್ಲಬೇಡಿ, ನನಗೇ ತಂದುಕೊಡಿ ಎಂದು ಹೇಳುತ್ತಿದ್ದೆ. ಅಷ್ಟರಲ್ಲಿ ಹೆಂಡತಿ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ ಎದ್ದು ನಿಂತರು.

“ಸಾಹೇಬ್ರ, ಅರ್ಧಾ ಪುಡಿ ನಾನ ಹಿರೇಕೆರೂರಿಗೆ ಕೊಟ್ಟು ಕಳಿಸೇನ್ರಿ. ನಮ್ಮವ್ವನೂ ತಗೋತಾಳ. ಅಕಿಗೂ ಸಕ್ಕರಿ ಐತಿ.”

“ಎಷ್ಟು ದಿನದಿಂದ?”

“ದೀಪಾವಳಿಗೆ ಹೋದಾಗ ಕೊಟ್ಟೇನ್ರಿ.”

ಮೇಜಿನ ಮೇಲಿದ್ದ ಫೋನನ್ನು ಅವರ ಕಡೆ ಸರಿಸಿದೆ.